ಚರಂಡಿಗೆ ಕಸ ವಾಪಸ್ ತುಂಬಿದ್ದು

ಎಮ್ಮಿಗನೂರಿನ ನಮ್ಮ ಓಣಿಯಲ್ಲಿ ಚೊಕ್ಕಟದ ವಿಷಯಕ್ಕೆ ನನ್ನನ್ನು ಮೀರಿಸುವವರಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ನೀವು ನಂಬುವುದಿಲ್ಲ.

ಹೋದ ವರ್ಷ ನಮ್ಮೂರಿಗೆ ಸಂಡೂರಿನಿಂದ ರೇಣುಕಾ ಎಂಬ ಹುಡುಗಿ ಬಂದಳು. ಡಿಗ್ರಿ ಮುಗಿಸಿದವರನ್ನು ಸರ್ಕಾರ ಒಂದು ವರ್ಷ ಹಳ್ಳಿಗೆ ಕಳಿಸಿ ಸ್ವಯಂಸೇವೆ ಮಾಡಿಸುತ್ತದಂತೆ, ಕೈಖರ್ಚಿಗೂ ಒಂದಿಷ್ಟು ಕೊಡುತ್ತದಂತೆ. ಕೆಲಸ ಚೆನ್ನಾಗಿದೆ ಎಂದು ಕಂಪ್ಲಿ ಕಚೇರಿಯ ಸಾಹೇಬರು ಬರೆದರೆ ಮುಂದೆ ಹೊಸಪೇಟೆಯ ಒಂದು ಕಚೇರಿಯಲ್ಲಿ ತರಬೇತಿ, ಸಂಬಳ. ಬರೆಯದಿದ್ದರೆ ವಾಪಸ್ ಮನೆಗೆ. ಮನೆಯಲ್ಲಿ ಅವಳಪ್ಪ ಆಗಲೇ ಒಬ್ಬ ಗಂಡನ್ನು ಗೊತ್ತುಮಾಡಿಕೊಂಡು ಕಾಯುತ್ತಿದ್ದ.

ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನಮ್ಮಂಥ ಮುದುಕಿಯರಿಗೆ ಅಕ್ಷರ ಕಲಿಸುತ್ತಿದ್ದಳು. ಎಪ್ಪತ್ತರ ಹತ್ತಿರ ಬಂದ ನನ್ನ ಕೈಗೆ ಬಳಪ ಕೊಟ್ಟು, "ಅಜ್ಜಿ, ಸೊಟ್ಟ ಆದ್ರೂ ಪರವಾಗಿಲ್ರಿ, ಬರೀರಿ" ಎನ್ನುತ್ತಿದ್ದಳು. ಈಗ ನೀವು ಓದುತ್ತಿರುವುದು ಅದೇ ಸೊಟ್ಟ ಅಕ್ಷರ. ಅಚ್ಚು ಹಾಕಿದವರು ನೆಟ್ಟಗೆ ಮಾಡಿದ್ದಾರೆ.

ಒಂದು ಶನಿವಾರ ಅವಳು ಸುದ್ದಿ ತಂದಳು. ನಾಳೆ ಕಂಪ್ಲಿಯಿಂದ ಸ್ವಯಂಸೇವೆಯ ಇಪ್ಪತ್ತು ಹುಡುಗರು ಬಂದು ನಮ್ಮ ಓಣಿಯ ಚರಂಡಿ ಬಳಿಯುತ್ತಾರೆ, ಸಾಹೇಬರೂ ನೋಡಲು ಬರುತ್ತಾರೆ. ಇಷ್ಟು ಹೇಳಿ, ಸಲಿಕೆ ಪುಟ್ಟಿ ಹೊಂದಿಸಲು ತಾನು ಕಂಪ್ಲಿಗೆ ಹೋದಳು.

ನನಗೆ ಅನ್ನ ಇಳಿಯಲಿಲ್ಲ. ಪರವೂರಿನ ಮಕ್ಕಳು ನಮ್ಮ ಮುಸುರೆ ನೀರು ಹರಿಯುವ ಚರಂಡಿಗೆ ಕೈ ಹಾಕುವುದೇ? ಬಂದವರ ಕಾಲಿಗೆ ನೀರು ಕೊಡುವವರು ನಾವು. ಅವರ ಕೈಗೆ ಸಲಿಕೆ ಕೊಟ್ಟರೆ ಈ ಓಣಿಯ ಹೆಂಗಸರ ಮುಖ ಎಲ್ಲಿಡುವುದು? ಐವರನ್ನು ಕೂಡಿಸಿದೆ. ಸಂಜೆಯೊಳಗೆ ಚರಂಡಿ ಬಳಿದು, ಹೂಳನ್ನು ತಿಪ್ಪೆಗೆ ಹೊತ್ತು, ನೀರು ಬಿಟ್ಟು ತೊಳೆದೆವು. ಪಕ್ಕದ ಮನೆಯ ಹುಲಿಗೆಮ್ಮ ಉಮೇದು ತಡೆಯಲಾರದೆ ಚರಂಡಿಯ ಅಂಚಿಗೆ ರಂಗೋಲಿ ಎಳೆದಳು.

ಬೆಳಿಗ್ಗೆ ಬಂದ ರೇಣುಕಾ ಆ ರಂಗೋಲಿಯ ಪಕ್ಕದಲ್ಲೇ ಕುಸಿದು ಕೂತಳು.

"ಅಜ್ಜಿ, ಏನ್ ಮಾಡೀರಿ ಇದು?"

"ನಿನ್ನ ಮರ್ಯಾದಿ ಉಳಿಸೀನಿ."

"ಇನ್ನ ಆ ಹುಡುಗರು ಬಂದು ಏನ್ ಬಳೀಬೇಕ್ರಿ?"

ಇದೊಂದನ್ನು ನಾನು ಯೋಚಿಸಿರಲಿಲ್ಲ. ಸಾಹೇಬರಿಗೆ ಎರಡು ಚಿತ್ರ ಬೇಕಂತೆ: ಕೆಲಸಕ್ಕೆ ಮೊದಲಿನದೊಂದು, ನಂತರದ್ದೊಂದು, ಎರಡೂ ಒಂದೇ ದಿನದ್ದು. ಮೊದಲಿನದಿಲ್ಲ ಎಂದರೆ ಕೆಲಸವೇ ಆಗಿಲ್ಲ ಎಂದರ್ಥ. ಬೇರೆ ಓಣಿ ತೋರಿಸೋಣವೆಂದರೆ ಕಾಗದದಲ್ಲಿ ನಮ್ಮ ಓಣಿಯ ಹೆಸರು ಹೋಗಿಬಿಟ್ಟಿತ್ತು. ಇದ್ದದ್ದನ್ನು ಇದ್ದ ಹಾಗೆ ಸಾಹೇಬರಿಗೆ ಹೇಳುತ್ತೇನೆ ಎಂದು ಅವಳು ಮುಖ ಒರೆಸಿಕೊಂಡು, ಹುಡುಗರನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಳು.

ನನ್ನ ತಪ್ಪಿಗೆ ಆ ಹುಡುಗಿ ಕಾಣದ ಗಂಡಿಗೆ ಕೊರಳು ಒಡ್ಡುವುದೇ? ಕಸ ತಾನೇ? ಎಲ್ಲಿಗೂ ಹೋಗಿಲ್ಲ, ತಿಪ್ಪೆಯಲ್ಲೇ ಇದೆ. ಪುಟ್ಟಿ ಎತ್ತಿಕೊಂಡೆ.

ಹೂಳು ಆಗಲೇ ಆರಿ, ನೋಡಲು ಮರ್ಯಾದಸ್ಥ ಮಣ್ಣಿನಂತೆ ಇತ್ತು. ಸಗಣಿ ನೀರು ಸುರಿದು ಅದರ ಮರ್ಯಾದೆ ಕಳೆದೆ. ಅದೂ ಸಾಲದೆಂದು ಕಬ್ಬಿನ ಒಣಗಿದ ಗರಿ, ಅದೇ ರವದಿ, ತುರುಕಿದೆ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನನ್ನ ಗಂಡ ಶಾಂತವಾಗಿ ಕೇಳಿದ: "ನಿನ್ನೆ ತೆಗದಿ, ಇವತ್ತು ಹಾಕ್ತಿ. ನಾಳೆ ಏನೈತಿ ಕೆಲಸ?"

ರವದಿ ಹುಲಿಗೆಮ್ಮನ ಬಾಗಿಲ ಮುಂದಿನ ಚಪ್ಪಡಿಯ ಕೆಳಗೆ ಸಿಕ್ಕಿಕೊಂಡಿತು. ನೀರು ಹಿಂದಕ್ಕೆ ತಿರುಗಿ ಅವಳ ಅಂಗಳ ಹೊಕ್ಕು, ಚಾಪೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯನ್ನು ಎತ್ತಿಕೊಂಡು ಬೀದಿಗೆ ಬಂತು. ಸಂಡಿಗೆಯ ಹಿಂದೆ ಹುಲಿಗೆಮ್ಮ ಬಂದಳು. ಅವಳು ಅಂದದ್ದನ್ನು ಬರೆಯುವಷ್ಟು ಅಕ್ಷರ ನಾನಿನ್ನೂ ಕಲಿತಿಲ್ಲ.

ನಾಲ್ಕನೆಯ ಪುಟ್ಟಿ ಎತ್ತಿ ಸುರಿಯುತ್ತಿರುವಾಗ ಜೀಪು ಬಂದು ನಿಂತಿತು. ಸಾಹೇಬರು ಇಳಿಯುವ ಮೊದಲೇ ಅವರ ಫೋನು ನನ್ನ ಚಿತ್ರ ತೆಗೆದಾಗಿತ್ತು. ಅಷ್ಟರಲ್ಲಿ ರೇಣುಕಾ ಬಂದಳು, ಅವಳ ಹಿಂದೆ ಇಪ್ಪತ್ತು ಹುಡುಗರು.

"ಏನಮ್ಮಾ, ದಿನಾ ಹಿಂಗ ಚರಂಡ್ಯಾಗ ಕಸ ಹಾಕ್ತಿಯೇನು?" ಎಂದರು ಸಾಹೇಬರು.

ರೇಣುಕಾ ಬಾಯಿ ತೆರೆದಳು. ನಿಜ ಹೇಳಿ ಕೆಲಸ ಕಳಕೊಳ್ಳುವ ಜಾತಿಯ ಹುಡುಗಿ. ನಾನೇ ಮುಂದೆ ಬಿದ್ದೆ.

"ಹೂಂರಿ, ದಿನಾ. ಬುದ್ಧಿ ಬಂದಾಗಿಂದ ಹಾಕ್ತೀನಿ."

ಸಾಹೇಬರು ನನ್ನನ್ನು ನಡುಬೀದಿಯಲ್ಲಿ ನಿಲ್ಲಿಸಿ ಸ್ವಚ್ಛತೆಯ ಮೇಲೆ ಅರ್ಧ ತಾಸು ಭಾಷಣ ಮಾಡಿದರು. ಮಾತುಮಾತಿಗೂ ಬೆರಳು ನನ್ನ ಕಡೆ. ನಿನ್ನೆ ನನ್ನ ಜೊತೆ ಬಳಿದ ಐವರೂ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ನನ್ನ ಗಂಡನಂತೂ ಪ್ರತಿ ಮಾತಿಗೂ ತಲೆಯಾಡಿಸಿ ಒಪ್ಪಿದ. ಹುಡುಗರು ಚರಂಡಿ ಬಳಿದರು, ನಮ್ಮಷ್ಟು ಚೊಕ್ಕಟವಾಗಿ ಅಲ್ಲ. ಇಂಥ ಮುದುಕಿ ಇರುವ ಓಣಿಯಲ್ಲೂ ಕೆಲಸ ಮಾಡಿ ತೋರಿಸಿದಳು ಎಂದು ಸಾಹೇಬರು ರೇಣುಕಾಳನ್ನು ಹೊಗಳಿ ಬರೆದರು.

ಅವಳಿಗೆ ಹೊಸಪೇಟೆಯ ಕೆಲಸ ಸಿಕ್ಕಿತು. ಹೊರಡುವ ದಿನ ನನ್ನ ಕಾಲಿಗೆ ಬಿದ್ದು ಅಳತೊಡಗಿದಳು. "ಏಳವ್ವಾ, ಬಸ್ ಹೋಗ್ತೈತಿ" ಎಂದೆ. ಹಾಗೆ ನೋಡಿದರೆ ಋಣ ನನ್ನದು. ಈಗ ಬಸ್ಸಿನ ಬೋರ್ಡನ್ನು ನಾನೇ ಓದಿ ಹತ್ತುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ. ಆ ಹುಡುಗಿಯನ್ನು ಕಳಿಸಿದ ಸರ್ಕಾರಕ್ಕೆ ಪ್ರತಿ ಸಲ ಹತ್ತುವಾಗಲೂ ಕೈ ಮುಗಿಯುತ್ತೇನೆ.

ಮೊನ್ನೆ ಹಾಗೆ ಬೋರ್ಡು ಓದಿಯೇ ಹುಲಿಗೆಮ್ಮನ ಜೊತೆ ಕಂಪ್ಲಿಯ ಕಚೇರಿಗೆ ಹೋಗಿದ್ದೆ. ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಚಿತ್ರ. ನೋಡಿದರೆ ನಾನೇ!

"ನೋಡಬೇ, ಸರ್ಕಾರದವರು ನನ್ನ ಫೋಟೋ ಹಾಕ್ಯಾರ" ಎಂದು ಹುಲಿಗೆಮ್ಮನ ರಟ್ಟೆ ಹಿಡಿದು ಎಳೆದೆ. ಪಾಠದ ಹೊತ್ತಿನಲ್ಲೆಲ್ಲ ಸಂಡಿಗೆ ಹಿಟ್ಟು ಕಲಸುತ್ತಿದ್ದವಳು ಅವಳು, ಓದು ಬಾರದು. ಬೆರಗಾಗಿ ನಿಂತಳು.

"ಮ್ಯಾಲೆ ಏನ್ ಬರದಾರ, ಓದು."

ಓದಿದೆ. ನನ್ನ ಚಿತ್ರದ ಮೇಲೆ 'ಮೊದಲು' ಎಂದಿತ್ತು. ಪಕ್ಕದ ಚಿತ್ರದ ಮೇಲೆ 'ನಂತರ' ಎಂದಿತ್ತು. ಅದರಲ್ಲಿ ಕಸವೂ ಇರಲಿಲ್ಲ, ನಾನೂ ಇರಲಿಲ್ಲ.