ಕಾಕಾನ ಗೇಣುದ್ದದ ಮೋಟರ್

ನಮ್ಮ ಕಾಕಾನಿಗೆ ದೇವರು ಕಿವಿ ಕೊಟ್ಟದ್ದು ಮಾತು ಕೇಳಲಿಕ್ಕಲ್ಲ, ಮೋಟರ್ ಕೇಳಲಿಕ್ಕೆ! "ರೀ, ಚಾ ಆರಾಕತ್ತೈತಿ" ಎಂದು ಕಾಕು ಏಳು ಸಲ ಕೂಗಿದರೂ ಅಲ್ಲಾಡದ ಮನುಷ್ಯ, ನಾಲ್ಕು ಹೊಲದಾಚೆ ಯಾರದ್ದೋ ಬೋರಿನ ಪಂಪು ಕೆಮ್ಮಿದರೆ ತಟ್ಟನೆ ಎದ್ದು ಕೂಡುತ್ತಾನೆ. ಸಂಶಿ, ಕುಬಿಹಾಳ, ಯರಗುಪ್ಪಿಯ ಸುತ್ತ ನಲವತ್ತು ವರ್ಷ ರೈತರ ಮೋಟರ್ ರಿಪೇರಿ ಮಾಡಿದವನು. ಯಾವ ಮೋಟರ್ ಬಂದರೂ ಮೊದಲು ಕೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ, ಕಣ್ಣು ಮುಚ್ಚಿ, "ಬಿಸಿ ಇಲ್ಲ, ಓಡತೈತಿ" ಎಂದೋ, "ಸುಟ್ಟೈತಿ, ಬಿಚ್ಚೂಣು" ಎಂದೋ ತೀರ್ಪು ಕೊಡುವುದು ಅವನ ಪದ್ಧತಿ. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಮೊಣಕಾಲು ನೋವಿನಿಂದ ಹೊಲ ತಿರುಗುವುದು ನಿಂತಿತು. ಕೈ ಸುಮ್ಮನಿರಬೇಕಲ್ಲ? ಸಿಕ್ಕಿದ್ದು ಕಾಕೂನ ಮೀನಿನ ಪೆಟ್ಟಿಗೆ! ಐದು ಗೋಲ್ಡ್ ಫಿಶ್, ಅವುಗಳ ನೀರು ಸೋಸಲು ಗೇಣುದ್ದದ ಪಂಪು. ತಿಂಗಳಿಗೊಮ್ಮೆ ತೊಳೆದರೆ ಸಾಕಾದದ್ದನ್ನು ಕಾಕಾ ವಾರಕ್ಕೆರಡು ಸಲ ಬಿಚ್ಚುತ್ತಿದ್ದ. ಒಳಗಿನ ಸ್ಪಂಜನ್ನು ಬ್ಲೀಚಿಂಗ್ ಪುಡಿ ಹಾಕಿದ ನಳದ ನೀರಿಗೆ ಹಿಡಿದರೆ ಸಿಟ್ಟು. ಪೆಟ್ಟಿಗೆಯ ನೀರನ್ನೇ ಬೋಗುಣಿಗೆ ತೆಗೆದು ಅದರಲ್ಲೇ ಹಿಂಡಬೇಕು. ಪುಟ್ಟ ಫ್ಯಾನಿನ ರೆಕ್ಕೆಗಂಟಿದ ಲೋಳೆ ತೆಗೆಯಲು ಹಲ್ಲುಜ್ಜುವ ಬ್ರಶ್. ಯಾರದ್ದು? ಒಂದು ಬೆಳಗ್ಗೆ ಕಾಕು ಬಾಯಿ ಮುಕ್ಕಳಿಸಿ ಮುಖ ಸಿಂಡರಿಸಿದಳು.

"ರೀ, ಈ ಪೇಸ್ಟು ಮೀನ ಮೀನ ನಾರತೈತಲ್ರೀ?"

"ಪೇಸ್ಟಿಂದು ನನಗ ಗೊತ್ತಿಲ್ಲ. ಬ್ರಶ್ ಮಾತ್ರ ಅಗದಿ ಚಲೋ ಐತಿ, ಸಂದಿ ಸಂದಿಗೂ ಹೋಗತೈತಿ!"

ಇಂಥ ಕಾಕೂಗೆ ಮೊನ್ನೆ ಹುಬ್ಬಳ್ಳಿಯಲ್ಲಿ ಪಿತ್ತಕೋಶದ ಹರಳಿನ ಆಪರೇಶನ್ ನಿಗದಿಯಾಯಿತು. ಜೊತೆಗೆ ಹೋದ ಕಾಕಾ ಮರುದಿನವೇ ಊರಿಗೆ ಹಾಜರ್! ವಾರ್ಡಿನ ಫ್ಯಾನಿಗೆ ಕಿವಿಗೊಟ್ಟು, "ಬೇರಿಂಗ್ ಹೋಗೈತ್ರೀ, ಒಂದ ಸ್ಟೂಲ್ ಕೊಡ್ರಿ" ಅಂದನಂತೆ. ನರ್ಸಮ್ಮ ಸ್ಟೂಲಿನ ಬದಲು ಬಾಗಿಲು ತೋರಿಸಿದಳಂತೆ. ಕಾಕಾನ ಮಗಳು ಅಲ್ಲಿ ಉಳಿದಳು. ಕಾಕು ಇವನಿಗೆ ಹೇಳಿ ಕಳಿಸಿದ್ದು ಎರಡೇ ಮಾತು: "ನನ್ನ ಮೀನ ಜ್ವಾಕಿ. ಮೋಟರ್ ಮುಟ್ಟಬ್ಯಾಡ್ರಿ."

ಮುಟ್ಟದೆ ಇರುವುದುಂಟೆ? ಆಪರೇಶನ್ನಿನ ದಿನ ಬೆಳಗ್ಗೆ ನಾನು ಹೋದಾಗ, ಊರಿಗೆ ಬಂದ ಮೇಲೆ ನಾಲ್ಕನೆಯ ಸಲ ಮೋಟರ್ ತೊಳೆಯುತ್ತಿದ್ದ.

"ಕಾಕಾ, ಹೊಲಸ ಎಲ್ಲೈತಿ?"

"ಇರತೈತಿ. ನಿನಗ ಕಾಣೂದಿಲ್ಲ."

ಕಣ್ಣು ಫೋನಿನ ಮೇಲೆ, ಕೈ ಬ್ರಶ್ಶಿನ ಮೇಲೆ. ಟಕ್! ಫ್ಯಾನಿನ ನಡುವಿನ ಸೂಜಿಯಂಥ ಕಡ್ಡಿ ಮುರಿಯಿತು. ಹತ್ತು ಎಚ್‌ಪಿ ಮೋಟರುಗಳನ್ನು ಬಿಚ್ಚಿ ಕೂಡಿಸಿದ ಕೈಯಲ್ಲಿ!

"ಆಕಿನ್ನ ಈಗ ಒಳಗ ಕರಕೊಂಡ ಹೋಗ್ಯಾರ," ಎಂದ ಮೆಲ್ಲಗೆ. "ಇಲ್ಲಿ ಇವು ಸತ್ತು, ಅಲ್ಲಿ ಆಕಿಗೂ ಏನಾರ ಆದ್ರ ಹೆಂಗವಾ?"

ಬೆಕ್ಕು ಅಡ್ಡ ಬಂದರೆ ಬೆಕ್ಕನ್ನೇ ಮಾತಾಡಿಸಿ ಮುಂದೆ ಹೋಗುವ ಕಾಕಾ ಶಕುನ ನೋಡಿದ್ದು ಅದೇ ಮೊದಲು. ನನಗೂ ಹೆದರಿಕೆಯಾಯಿತು. ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಕಡ್ಡಿ ತಂದೆ.

ಮಧ್ಯಾಹ್ನ ಬಂದು ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ನೀರಿಗೆ ಗಾಳಿ ಬೆರೆಯಲೆಂದು ಕಾಕಾ ಚಾ ಕುಡಿಯುವ ವಾಟಗಾದಲ್ಲಿ ಪೆಟ್ಟಿಗೆಯ ನೀರನ್ನೇ ತುಂಬಿ, ಮೇಲಿಂದ ಮತ್ತೆ ಅದಕ್ಕೇ ಸುರಿಯುತ್ತಿದ್ದಾನೆ, ತುಂಬುವುದು, ಸುರಿಯುವುದು. ಎದುರು ಮನೆಯ ಚಾಚಾ ಬಾಗಿಲಲ್ಲಿ ನಿಂತು, "ಏನ್ರೀ ಮಿಸ್ತ್ರಿ, ಮೀನಿಗೆ ಚಾ ಆರಿಸಿ ಕೊಡಾಕತ್ತೀರೇನ್ರೀ?" ಎಂದರು.

"ನಗಬ್ಯಾಡೋ ಮಾರಾಯಾ! ನೀನೂ ಒಂದ ವಾಟಗಾ ತಗೋ."

ಕಾಕಾನ ಮುಖ ನೋಡಿದ ಚಾಚಾ ನಗು ನುಂಗಿ, ಬಾಜು ಕುಳಿತು ಸುರಿಯತೊಡಗಿದರು.

ಹೊಸ ಕಡ್ಡಿ ಕೂಡಿತು. ಗುರ್ರ್ ಎಂದು ನೀರು ಅಲುಗಿತು. ಒಂದೊಂದೇ ಮೀನು ಕೆಳಗಿಳಿಯಿತು. ಅಷ್ಟರಲ್ಲಿ ಮಗಳ ಫೋನು.

"ಅಪ್ಪಾ, ಎಲ್ಲಾ ಚಲೋ ಆತು. ಅವ್ವಗ ಎಚ್ಚರ ಆಗೈತಿ. ಮೀನ ಹೆಂಗದಾವ ಅಂತ ಕೇಳಾಕತ್ತಾಳ."

ಕಾಕಾ ಪೆಟ್ಟಿಗೆಯ ಮುಂದೆ ಬಗ್ಗಿ ಮೀನು ಎಣಿಸಿದ.

"ಐದೂ ಅದಾವ ಅಂತ ಹೇಳವಾ."

"ಮೋಟರ್ ಮುಟ್ಟಿದ್ರೇನು ಅಂತಾಳ?"

"ಹಲೋ? ಹಲೋ? ಏನೂ ಕೇಳವಲ್ದು!" ಎಂದು ಫೋನ್ ಇಟ್ಟೇಬಿಟ್ಟ.

ಮೂರು ದಿನಕ್ಕೆ ಕಾಕು ಮನೆಗೆ ಬಂದಳು. ಸೊರಗಿದ್ದಳು. ಸೀದಾ ಹೋಗಿ ಮೀನುಗಳ ಮುಂದೆ ಕುಳಿತಳು. ಕಾಕಾ ಅವಳ ಹಿಂದೆ ಮುಂದೆ ಎರಡು ಸಲ ಸುಳಿದಾಡಿದ. ಆಮೇಲೆ ಬಗ್ಗಿ, ಕೈಯ ಹಿಂಬದಿಯನ್ನು ಅವಳ ಹಣೆಗೆ ತಾಗಿಸಿ ಕಣ್ಣು ಮುಚ್ಚಿದ.

"ಬಿಸಿ ಇಲ್ಲ," ಎಂದ. ಕೈ ಮಾತ್ರ ಹಣೆಯಿಂದ ತೆಗೆಯಲಿಲ್ಲ.

ಕಾಕು ಆ ಕೈಯನ್ನು ಅಲ್ಲಿಯೇ ಹಿಡಿದುಕೊಂಡು ಉಳಿದ ತೀರ್ಪನ್ನು ತಾನೇ ಹೇಳಿದಳು:

"ಓಡತೈತಿ. ಸುಮ್ನ ಕುಂದರ್ರಿ."