ಹಾಪ್ಸ್ ಬಿಯರಿಗೆ ಜೊತೆ ಹುಡುಕಿದ ಫಿರ್ಮಿನ್

ಫಿರ್ಮಿನನ ಗ್ರಹಚಾರ ಶುರುವಾದದ್ದು ಒಂದು ಲೇಬಲಿನಿಂದ. ನಮ್ಮೂರಲ್ಲಿ ಬಿಯರ್ ಮಾಡುವ ಓಡಿಲ್, ಈ ವರ್ಷ ಬಾಟಲಿಯ ಮೇಲೆ 'ಇದರ ಜೊತೆಗೆ ಇಂಥವರ ಕೈಯಡುಗೆ' ಎಂದು ಒಂದು ಸಾಲು ಅಚ್ಚು ಹಾಕಿಸಲು ಹೊರಟ.

ಆ ಬಿಯರನ್ನು ಹೊಗಳದೆ ಕತೆ ಮುಂದುವರಿಸಿದರೆ ನನ್ನ ನಾಲಿಗೆ ನನ್ನನ್ನು ಕ್ಷಮಿಸದು. ಪಶ್ಚಿಮ ಫ್ಲಾಂಡರ್ಸಿನಲ್ಲಿ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ತೋಟಗಳ ನಡುವೆ ನಮ್ಮ ಹಳ್ಳಿ. ಬೆಳಿಗ್ಗೆ ಬಿಡಿಸಿದ ಹಸಿ ಹೂವು ಮಧ್ಯಾಹ್ನದ ಹೊತ್ತಿಗೆ ಓಡಿಲನ ಹಂಡೆಯಲ್ಲಿರುತ್ತದೆ. ಮೊದಲ ಗುಟುಕು ಕಹಿ, ಎರಡನೆಯದರಲ್ಲಿ ಕಿತ್ತಳೆ ಸಿಪ್ಪೆಯ ಘಮ. ಮೂರನೆಯದಕ್ಕೆ ಹಳೆಯ ಜಗಳಗಳೆಲ್ಲ ಮರೆತುಹೋಗುತ್ತವೆ. ಇಡೀ ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ.

ಜೊತೆಗೆ ಏನು ತಿನ್ನಬೇಕೆಂಬುದರಲ್ಲಿ ತಕರಾರಿಲ್ಲ. ಕೋಳಿ, ಮೊಲ, ಎಳೆಗರುವಿನ ಮಾಂಸವನ್ನು ಬೇಯಿಸಿ, ಅದರದೇ ರಸದಲ್ಲಿ ಹೆಪ್ಪುಗಟ್ಟಿಸಿದ ಮಡಕೆ ಮಾಂಸ. ಯಾರ ಕೈಯದು ಎಂಬುದೇ ತಕರಾರು. ಪೈಪೋಟಿಗೆ ನಿಂತವರು ಇಬ್ಬರು. ಭಾನುವಾರ ಸಂಜೆ ಕಣ್ಣು ಕಟ್ಟಿಸಿಕೊಂಡು ತೀರ್ಪು ಹೇಳಬೇಕಾದವನು ಓಡಿಲನ ಪೀಪಾಯಿಗಳನ್ನು ನೋಡಿಕೊಳ್ಳುವ ಫಿರ್ಮಿನ್, ಐವತ್ತೆರಡರ ಬ್ರಹ್ಮಚಾರಿ.

ಒಬ್ಬಳು ಔಷಧಿ ಅಂಗಡಿಯ ಇರ್ಮಾ. ಗಂಡ ತೀರಿಕೊಂಡು ಆರು ವರ್ಷ. ಇಲ್ಲದ ತಲೆನೋವಿಗೆ ಫಿರ್ಮಿನ್ ವಾರಕ್ಕೆ ಮೂರು ಸಲ ಮಾತ್ರೆ ಕೊಳ್ಳುತ್ತಿದ್ದದ್ದು ಅವಳಿಗಾಗಿಯೇ. ಇನ್ನೊಬ್ಬಾಕೆ ಎಪ್ಪತ್ತರ ಲಿಯೋನಿಯಮ್ಮ, ಅವನ ಮನೆಯೊಡತಿ. ಅವನ ರಾತ್ರಿಯ ಸೂಪು ಬರುತ್ತಿದ್ದದ್ದು ಆಕೆಯ ಒಲೆಯಿಂದ. ಹೃದಯ ಒಂದು ಕಡೆ, ಹೊಟ್ಟೆ ಒಂದು ಕಡೆ. ಫಿರ್ಮಿನ್ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ.

ಭಾನುವಾರ ಬೆಳಿಗ್ಗೆಯೇ ಇರ್ಮಾ ಅವನ ಕೋಣೆಗೆ ಬಂದಳು.

"ಯಾರಿಗೂ ಹೇಳ್ಬೇಡಿ. ಬಡಿಸೋವಾಗ ನನ್ನದರ ಮೇಲೆ ಜುನಿಪರ್ ಕಾಯಿ ಪುಡಿ ಉದುರಿಸ್ತೀನಿ. ಅದರ ಘಮ ನಿಮಗೆ ಗೊತ್ತಾಗತ್ತೆ."

ಅವಳು ಹೋದ ಮೇಲೆ ಲಿಯೋನಿಯಮ್ಮ ಬಂದರು. "ನಿನ್ನೆ ಸೂಪು ಹೇಗಿತ್ತೋ?"

"ಅಮೃತ, ಲಿಯೋನಿಯಮ್ಮ."

"ನಾಳೆನೂ ಬೇಕು ತಾನೇ?" ಎಂದಷ್ಟೇ ಕೇಳಿ ಹೋದರು.

ಫಿರ್ಮಿನ್ ಲೆಕ್ಕ ಹಾಕಿದ. ಇರ್ಮಾಳನ್ನು ಗೆಲ್ಲಿಸಿ, ಅಲ್ಲೇ ಮದುವೆಯ ಮಾತನ್ನೂ ಎತ್ತಿಬಿಟ್ಟರೆ ಸೂಪಿನ ಚಿಂತೆಯೂ ತೀರುತ್ತದೆ. ಆದರೆ ಧೈರ್ಯ ಬೇಕಲ್ಲ! ಅದನ್ನು ಊರಿನವರೇ ಒದಗಿಸಿದರು. ಕ್ಷೌರದಂಗಡಿಯವನು "ನಾಲಿಗೆ ಹದ ಮಾಡ್ಕೋ ಮಾರಾಯ" ಎಂದು ಒಂದು ಲೋಟ ಕೊಟ್ಟ. ಬೇಕರಿಯವನು "ಅವನು ಕೊಟ್ಟದ್ದು ಬೆಚ್ಚಗಿತ್ತು, ಲೆಕ್ಕಕ್ಕಿಲ್ಲ" ಎಂದು ಇನ್ನೊಂದು ಕೊಟ್ಟ. ಎರಡು ಬೆರಳು ನೊರೆ ನಿಲ್ಲುವಂತೆ ಸುರಿದ ಲೋಟವನ್ನು ಬೇಡವೆನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸಂಜೆ ಸಭಾಂಗಣಕ್ಕೆ ಬಂದಾಗ ಫಿರ್ಮಿನ್ ಐದು ಲೋಟದಷ್ಟು ಧೈರ್ಯವಂತನಾಗಿದ್ದ.

ಪಾದ್ರಿಗಳೇ ಅವನ ಕಣ್ಣಿಗೆ ಬಟ್ಟೆ ಕಟ್ಟಿದರು. ಓಡಿಲ್ ಮೊದಲ ತುಂಡನ್ನು ಅವನ ಬಾಯಿಗಿಟ್ಟ. ಚೆನ್ನಾಗಿತ್ತು, ಆದರೆ ಜುನಿಪರ್ ಇಲ್ಲ. ಎರಡನೆಯದನ್ನು ಇಟ್ಟ.

ಅಬ್ಬಾ! ಜುನಿಪರ್! ಅದರ ಮೇಲೆ ಫಿರ್ಮಿನ್ ಒಂದು ಗುಟುಕು ಬಿಯರ್ ಇಳಿಸಿದ. ಕೊಬ್ಬು ಕರಗಿತು, ಕಹಿ ಬಂದು ಬಾಯಿ ತೊಳೆಯಿತು, ಎರಡು ಘಮಗಳೂ ಬಹಳ ದಿನದ ಮೇಲೆ ಭೇಟಿಯಾದ ಅಕ್ಕತಂಗಿಯರಂತೆ ಅಪ್ಪಿಕೊಂಡವು. ಫಿರ್ಮಿನನಿಗೆ ನಿಜವಾಗಿಯೂ ಕಣ್ಣು ತುಂಬಿತು. ಕಟ್ಟಿದ ಬಟ್ಟೆ ಬಿಚ್ಚದೆಯೇ ಎದ್ದು ನಿಂತ.

"ಇದೇ ಗೆದ್ದಿದ್ದು! ಇದನ್ನ ಮಾಡಿದವರು ಒಪ್ಪಿದ್ರೆ ನಾನು ಮದುವೆ ಆಗ್ತೀನಿ! ಊರೇ ಸಾಕ್ಷಿ!"

ಅವನು ಬಟ್ಟೆ ಕಿತ್ತೆಸೆದ. ಎದುರಿಗೆ ಲಿಯೋನಿಯಮ್ಮ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಪ್ಪಿದೀನಿ ಕಣೋ. ಇಬ್ಬರನ್ನ ಮಣ್ಣು ಮಾಡಿದೀನಿ, ಮೂರನೆಯವನು ಕೇಳ್ತಾನೆ ಅಂದ್ಕೊಂಡಿರ್ಲಿಲ್ಲ."

"ಜುನಿಪರ್..." ಫಿರ್ಮಿನ್ ತೊದಲಿದ.

"ನಿನ್ನ ಕೋಣೆ ಗೋಡೆ ತೆಳು. ಬೆಳಿಗ್ಗೆ ಇರ್ಮಾ ಹೇಳಿದ್ದು ಕೇಳಿಸ್ತು. ಒಳ್ಳೇ ರುಚಿ ಅನ್ನಿಸ್ತು, ನಾನೂ ಉದುರಿಸ್ದೆ."

ಅವನು ಇರ್ಮಾಳತ್ತ ನೋಡಿದ. ಅವಳ ಮುಖ ಕೆಂಪಾಗಿತ್ತು.

"ಪ್ರಾರ್ಥನೆಗೆ ಕೂತಾಗ ಮನಸ್ಸು ಚುಚ್ತು. ಮೋಸ ಬೇಡ ಅಂತ ನಾನು ಹಾಕ್ಲೇ ಇಲ್ಲ," ಎಂದಳು. ಆಮೇಲೆ ಲಿಯೋನಿಯಮ್ಮನ ಮಡಕೆಯಿಂದ ಒಂದು ತುಂಡು ತಿಂದು, ಬಿಯರ್ ಗುಟುಕರಿಸಿ, ಮನಸಾರೆ ತಲೆದೂಗಿದಳು. "ನಿಮ್ಮ ತೀರ್ಪು ಸರಿ, ಫಿರ್ಮಿನ್. ಈ ಬಿಯರಿಗೆ ಅವರ ಕೈಯೇ ಸೈ."

ಪಾದ್ರಿಗಳು ಮೀಸೆಯ ನೊರೆ ಒರೆಸಿಕೊಂಡು, ಮುಂದಿನ ತಿಂಗಳ ಮೊದಲ ಶನಿವಾರ ಬಿಡುವಿದೆ ಎಂದರು. ಊರೆಲ್ಲ ಲೋಟ ಎತ್ತಿತು.

"ಮದುವೆ ಊಟಕ್ಕೆ ಮಡಕೆ ಮಾಂಸ ನಾನೇ ಮಾಡ್ತೀನಿ," ಎಂದಳು ಇರ್ಮಾ. "ಮದುಮಗಳು ಒಲೆ ಮುಂದೆ ನಿಲ್ಲಬಾರದಲ್ಲ."