ನನ್ನ ಹೆಸರಿನ ಹರಕೆಗಳು

ಚಿಂತೆ ಮಾಡುವವರಲ್ಲಿ ಎರಡು ಪಂಗಡ. ಕಾರಣ ಸಿಕ್ಕ ಮೇಲೆ ಚಿಂತೆ ಶುರು ಮಾಡುವವರು ಒಂದು ಪಂಗಡ. ಚಿಂತೆಯನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಕಾರಣ ಯಾವಾಗ ಬಂದೀತು ಅಂತ ಬಾಗಿಲಲ್ಲಿ ನಿಲ್ಲುವವರು ಇನ್ನೊಂದು. ನಾನು ಎರಡನೆಯ ಪಂಗಡದ ಹಿರಿಯ ಸದಸ್ಯ. ಬಸ್ಸು ತಡವಾದರೆ ಅದಕ್ಕೇನಾಯಿತೋ ಅಂತ ಚಿಂತೆ; ಸರಿಯಾದ ಹೊತ್ತಿಗೆ ಬಂದರೆ ಇದು ನಮ್ಮ ಬಸ್ಸು ಹೌದೋ ಅಲ್ಲವೋ ಅಂತ ಚಿಂತೆ. ಊರಿಗೆ ಹೊರಟವನು ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದು ಮನೆಯ ಕೀಲಿ ಜಗ್ಗಿ ನೋಡುತ್ತೇನೆ. ಆಮೇಲೆ, ಹೀಗೆ ಜಗ್ಗಿದ್ದನ್ನು ಕಂಡವರು ಯಾರಾದರೂ ಒಳಗೆ ಬಂಗಾರವಿದೆ ಅಂದುಕೊಂಡರೆ ಏನು ಗತಿ ಅಂತ ದಾರಿಯುದ್ದಕ್ಕೂ ಬೆವರುತ್ತೇನೆ. ನಮ್ಮ ಮನೆಯಲ್ಲಿ ಕೆಲಸಗಳು ಹಂಚಿಹೋಗಿವೆ. ಅಡುಗೆ ಮತ್ತು ಆಡಳಿತ ಹೆಂಡತಿ ಮಹಾದೇವಿಯದು, ಟೀಕೆ ಟಿಪ್ಪಣಿ ಅವ್ವನದು, ಚಿಂತೆ ನನ್ನದು. ಬೇರೆಯವರಿಗೆ ಚಿಂತಿಸುವ ತೊಂದರೆಯೇ ಬರದಂತೆ ಇಷ್ಟು ವರ್ಷ ಒಬ್ಬನೇ ನಿಭಾಯಿಸಿಕೊಂಡು ಬಂದಿದ್ದೇನೆ. ಇಂಥ ನನ್ನ ತಲೆ ಈಗ ನುಣ್ಣಗೆ ಬೋಳಾಗಿದೆ, ಅಂಗಾಲಲ್ಲಿ ಬೊಬ್ಬೆಗಳ ಗುರುತು ಇನ್ನೂ ಇದೆ. ಇದಕ್ಕೆಲ್ಲ ಕಾರಣ ದೇಶರಕ್ಷಣೆ ಅಂದರೆ ನೀವು ನಂಬಲಿಕ್ಕಿಲ್ಲ.

ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ರೇಷನ್ ಕಾರ್ಡು, ಪಿಂಚಣಿ, ಜಾತಿ ಆದಾಯ ಪ್ರಮಾಣಪತ್ರ, ಹೊಲದ ಉತಾರ, ಹೀಗೆ ಊರವರ ಆಸೆಗಳೆಲ್ಲ ನನ್ನ ಬೆರಳ ತುದಿಯಿಂದಲೇ ಸರಕಾರಕ್ಕೆ ಮುಟ್ಟುತ್ತವೆ. ಅರ್ಜಿ ಎಲ್ಲಿಗೆ ಬಂತು ಅಂತ ಕೇಳಲು ಬಂದವರಿಗೆ ಹೇಳಲು ನನ್ನ ಹತ್ತಿರ ಒಂದೇ ವಾಕ್ಯ: "ಪ್ರಕ್ರಿಯೆಯೊಳಗ ಐತ್ರಿ, ಇನ್ನೊಂದ ವಾರ ಬಿಟ್ಟ ಬರ್ರಿ." ಇದನ್ನು ನಾನು ಎಷ್ಟು ಸಮಾಧಾನದಿಂದ ಹೇಳುತ್ತೇನೆಂದರೆ, ಅಸೂಟಿ ಕಡೆಯ ಮುದುಕಿಯೊಬ್ಬಳು ಕೈಮುಗಿದು, ನಿಮ್ಮ ಮಾರಿ ನೋಡಿದರೆ ಸಾಕು, ಅರ್ಧ ಪಿಂಚಣಿ ಬಂದ ಹಾಗೆ ಆಗುತ್ತದೆ ಅಂದಿದ್ದಳು. ಬೇರೆಯವರ ಅರ್ಜಿಯ ವಿಷಯದಲ್ಲಿ ನಾನು ಋಷಿ. ಆದರೆ ಎರಡು ವರ್ಷದ ಹಿಂದೆ ಮಗಳು ಅಶ್ವಿನಿ ಇದೇ ಅಂಗಡಿಯ ಕಂಪ್ಯೂಟರಿನಲ್ಲಿ, ಮಿಲಿಟರಿ ಅಕಾಡೆಮಿಗೆ ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ ಅಂತ ಓದಿ, ನನ್ನ ಕೈಯಿಂದಲೇ ಅರ್ಜಿ ತುಂಬಿಸಿದಳು. ಅಂದಿನಿಂದ ಆ ಋಷಿ ಅಂಗಡಿ ಬಿಟ್ಟು ಎಲ್ಲಿಗೋ ಹೋದ.

ಮೊದಲ ಸಲ ಲಿಖಿತ ಪರೀಕ್ಷೆ ದಾಟಿ ಸಂದರ್ಶನದಲ್ಲಿ ಬಿದ್ದಳು. ಎರಡನೆಯ ಸಲ ಲಿಖಿತ ಪರೀಕ್ಷೆ ಆಯಿತು, ಐದು ದಿನದ ಸಂದರ್ಶನವೂ ಆಯಿತು, ಹಲ್ಲು ಕಿವಿ ಕಣ್ಣು ಬೆನ್ನುಹುರಿ ಎಲ್ಲ ತಟ್ಟಿ ನೋಡಿ ವೈದ್ಯರೂ ಸರಿ ಅಂದರು. ಇನ್ನು ಉಳಿದದ್ದು ಅಂತಿಮ ಆಯ್ಕೆಯ ಪಟ್ಟಿ. ಅದರಲ್ಲಿ ಹೆಸರಿದ್ದರೆ ಅಕಾಡೆಮಿ. ಇಲ್ಲದಿದ್ದರೆ ಮುಗಿಯಿತು, ಯಾಕೆಂದರೆ ಮುಂದಿನ ಸಲದ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಪಟ್ಟಿ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಇನ್ನೊಂದು ತಿಂಗಳು ಹಿಡಿಯಿತು. ಅಶ್ವಿನಿ ದಿನಾ ಬೆಳಗ್ಗೆ ಗಜೇಂದ್ರಗಡದ ರಸ್ತೆಯಲ್ಲಿ ಓಡಿಬಂದು, ಎರಡು ರೊಟ್ಟಿ ತಿಂದು, ಏನೂ ಆಗಿಲ್ಲ ಅನ್ನುವ ಹಾಗೆ ಕಾಲೇಜಿಗೆ ಹೋಗುತ್ತಿದ್ದಳು. ನಾನು ಒಬ್ಬರ ಆದಾಯ ಪ್ರಮಾಣಪತ್ರಕ್ಕೂ ಇನ್ನೊಬ್ಬರದಕ್ಕೂ ನಡುವೆ ಅಕಾಡೆಮಿಯ ಜಾಲತಾಣ ತೆರೆದು ನೋಡುತ್ತಿದ್ದೆ. ಒಂದು ದಿನ ಈ ಗಡಿಬಿಡಿಯಲ್ಲಿ ರೈತರೊಬ್ಬರ ಹೆಸರಿನ ಮುಂದೆ ಉದ್ಯೋಗ ಅಂತ ಇದ್ದಲ್ಲಿ 'ಕೆಡೆಟ್' ಅಂತ ಟೈಪು ಮಾಡಿಬಿಟ್ಟೆ. ಅವರಿಗೆ ಅರವತ್ತೆಂಟು ವರ್ಷ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ದೇವರಿಗೆ ಬೇಡಿಕೊಳ್ಳುವುದು ರೂಢಿ. ಅದರಲ್ಲೂ ಒಂದು ಸೌಕರ್ಯವಿದೆ. ಒಬ್ಬರು ಬೇಡಿಕೊಂಡು ಇನ್ನೊಬ್ಬರ ಕೈಯಿಂದ ತೀರಿಸಬಹುದು. ಒಂದು ಸಂಜೆ ಅವ್ವ ಎಲೆಯಡಿಕೆ ಮೆಲ್ಲುತ್ತ, ಇಟಗಿ ಭೀಮವ್ವಗೆ ಬೇಡಿಕೊಂಡಿದ್ದೇನೆ, ಹುಡುಗಿ ಆರಿಸಿ ಬಂದರೆ ನೀನು ರೋಣದಿಂದ ಇಟಗಿಗೆ ಬರಿಗಾಲಲ್ಲಿ ನಡೆದುಕೊಂಡು ಹೋಗಬೇಕು ಅಂದಳು. ಬೇಡಿಕೊಂಡಾಕಿ ನೀನು, ನಡೆಯುವವನು ನಾನೇ ಅಂತ ಕೇಳಿದೆ. ಅವ್ವ ನನ್ನನ್ನು ಎರಡನೇ ಇಯತ್ತೆಯಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದಳು.

"ನನ್ನ ಮೊಣಕಾಲಿನ ಹಾಲತ್ ಆಕಿಗೆ ಗೊತ್ತೈತಿ. ದೇವರ ಮುಂದ ಸುಳ್ಳ ಹೇಳಾಕ ಬರತೈತೇನು?"

ಮಹಾದೇವಿಯ ತವರು ಗಜೇಂದ್ರಗಡ. ಅವಳು ತನ್ನೂರಿನ ಕಾಲಕಾಲೇಶ್ವರನಿಗೆ, ಪಟ್ಟಿ ಬರುವ ತನಕ ಮನೆಯಲ್ಲಿ ಯಾರೂ ಮಿರ್ಚಿ ಭಜಿ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದಳು. 'ಯಾರೂ' ಅನ್ನುವ ಮಾತು ಕೇಳಲು ದೊಡ್ಡದು. ಅವ್ವನಿಗೆ ಹಲ್ಲಿಲ್ಲ, ಅಶ್ವಿನಿ ಎಣ್ಣೆಯ ಪದಾರ್ಥ ಬಿಟ್ಟು ವರ್ಷವಾಗಿತ್ತು, ಮಹಾದೇವಿಗೆ ಮೊದಲಿಂದಲೂ ಸೇರುವುದಿಲ್ಲ. ನಮ್ಮ ಮನೆಯಲ್ಲಿ ಮಿರ್ಚಿ ತಿನ್ನುವ ಪ್ರಾಣಿ ನಾನೊಬ್ಬನೇ. ಅಂಗಡಿಯ ಎದುರಿನ ಗಾಡಿಯಲ್ಲಿ ದಿನಾ ಸಂಜೆ ಐದಕ್ಕೆ ಎಣ್ಣೆ ಕಾಯುತ್ತದೆ. ಅಲ್ಲಿಗೆ ಹೋಗದ ಸಂಜೆ ನನ್ನ ಬದುಕಿನಲ್ಲಿ ಸಂಜೆಯೇ ಅಲ್ಲ. ಇಷ್ಟು ಸಾಲದು ಅಂತ ನರಗುಂದದಿಂದ ಶಾಂತಕ್ಕ ಫೋನು ಮಾಡಿ, ಗುಡ್ಡದ ವೆಂಕಪ್ಪನಿಗೆ ನಿನ್ನ ಮುಡಿ ಕೊಡುತ್ತೇನೆ ಅಂತ ಹೇಳಿಬಂದೆ ಅಂದಳು. ಶಾಂತಕ್ಕ ನನಗಿಂತ ಏಳು ವರ್ಷ ದೊಡ್ಡವಳು, ನನ್ನ ತಲೆಯ ಮೇಲೆ ಅವಳ ಅಧಿಕಾರ ಹಳೆಯದು. ಎಡಗಿವಿಯಿಂದ ಬಲಗಿವಿಯ ತನಕ ಎಷ್ಟು ಜತನದಿಂದ ದಾಟಿಸಿಕೊಂಡು ಬಂದ ಕೂದಲು ಅದು ಅಂತ ಗೋಳಾಡಿದೆ.

"ಉಳದಿರೋದ ನಾಕ ಕೂದಲಾ ತಮ್ಮಾ," ಅಂದಳು, "ಅವಾದ್ರೂ ದೇವರ ಪಾಲಾಗಲಿ ತಗೋ."

ನನಗೆ ಬೇಸರವಾದದ್ದು ಹರಕೆಗಲ್ಲ, ಪದ್ಧತಿಗೆ. ನನ್ನ ಅಂಗಡಿಯಲ್ಲಿ ಅರ್ಜಿದಾರರ ಸಹಿ ಇಲ್ಲದೆ ಒಂದು ಅರ್ಜಿಯೂ ಮುಂದೆ ಹೋಗುವುದಿಲ್ಲ. ಇಲ್ಲಿ ಮೂರು ಕಡೆ ನನ್ನ ಹೆಸರಲ್ಲಿ ಅರ್ಜಿ ಬಿದ್ದಿವೆ, ಒಂದರ ಮೇಲೂ ನನ್ನ ಹೆಬ್ಬೆಟ್ಟಿಲ್ಲ. ಅದೂ ಹೋಗಲಿ, ಪಟ್ಟಿ ತಡವಾದಷ್ಟೂ ಹರಕೆ ಬೆಳೆಯುತ್ತಿತ್ತು. ಮುಂದಿನ ಸೋಮವಾರ ಅವ್ವ ಇಟಗಿಯ ನಡಿಗೆಗೆ ದೀಡ ನಮಸ್ಕಾರವನ್ನೂ ಸೇರಿಸಿದಳು. ಅಂದರೆ ನೆಲಕ್ಕೆ ಉದ್ದುದ್ದ ಬಿದ್ದು, ಕೈ ಮುಟ್ಟಿದಲ್ಲಿ ಎದ್ದು ನಿಂತು, ಮತ್ತೆ ಬೀಳುತ್ತ ಗುಡಿ ಸುತ್ತುವುದು. ನಾನು ಹೆದರಿ ರೂಢಿ ಮಾಡಿಕೊಳ್ಳಲು ಶುರು ಮಾಡಿದೆ. ಬೆಳಗ್ಗೆ ಅಶ್ವಿನಿ ಮುಂದೆ ಓಡುವುದು, ನಾನು ಹಿಂದೆ ಬರಿಗಾಲಲ್ಲಿ ಜಾಲಿಮುಳ್ಳು ತಪ್ಪಿಸುತ್ತ ಕುಣಿಯುವುದು. ಒಂದು ದಿನ ಅವಳು ತಿರುಗಿ ಓಡಿಬಂದು, ಅಕಾಡೆಮಿಗೆ ಹೋಗುವುದು ನಾನೋ ನೀನೋ ಅಪ್ಪಾ ಅಂತ ಕೇಳಿ ಮತ್ತೆ ಓಡಿದಳು. ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಮಿರ್ಚಿ ಬಿಟ್ಟಿದ್ದಾನೆ, ಬರಿಗಾಲಲ್ಲಿ ನಡೆಯುತ್ತಾನೆ, ಅಂದ ಮೇಲೆ ಸಕ್ಕರೆ ಕಾಯಿಲೆಯೇ ಅಂತ ತೀರ್ಮಾನಿಸಿ ಮೂರು ಮನೆಯವರು ಹಾಗಲಕಾಯಿ ರಸ ಕಳಿಸಿದರು. ದೃಷ್ಟಿಯಾದೀತು ಅಂತ ಅಕಾಡೆಮಿಯ ವಿಷಯ ಯಾರಿಗೂ ಹೇಳಿರಲಿಲ್ಲವಾದ್ದರಿಂದ ಆ ರಸ ಕುಡಿದೆ.

ಗೊತ್ತಿದ್ದ ಹೊರಗಿನವರೆಂದರೆ ನಿವೃತ್ತ ಸುಬೇದಾರರೊಬ್ಬರೇ. ಪಿಂಚಣಿ ಕಾಗದಕ್ಕೆ ನನ್ನ ಅಂಗಡಿಗೆ ಬರುವವರು. ಅವರು ಕಬ್ಬಿಣದ ಖುರ್ಚಿಯಲ್ಲಿ ನೆಟ್ಟಗೆ ಕೂತು, ಮಿಲಿಟರಿಯಲ್ಲಿ ಮೊದಲು ಕಲಿಸುವುದೇ ಕಾಯುವುದನ್ನು, ನಿಮ್ಮ ಮಗಳಿಗೆ ತರಬೇತಿ ಆಗಲೇ ಶುರುವಾಗಿದೆ ಅಂತ ತಿಳಿಯಿರಿ ಅಂದಿದ್ದರು. ಅವಳದೇನೋ ಚೆನ್ನಾಗಿಯೇ ನಡೆದಿತ್ತು. ನಾಪಾಸಾಗುತ್ತಿದ್ದವನು ನಾನು.

ಒಂದು ದಿನ ಮಧ್ಯಾಹ್ನ ಮೂರರ ಸುಮಾರಿಗೆ, ಇದೇ ಪಟ್ಟಿಗಾಗಿ ಕಾಯುತ್ತಿದ್ದ ಪಾಲಕರ ಮೊಬೈಲು ಗುಂಪಿಗೆ ಯಾರೋ ಒಂದು ಕಡತ ಕಳಿಸಿದರು. ಕೆಳಗೆ 'ಬಂತು' ಅಂತ ಒಂದೇ ಪದ. ಅಂಗಡಿಯ ಬಾಗಿಲು ಅರ್ಧ ಎಳೆದು, ಮೇಲಿಂದ ಕೆಳಗೆ ಓದಿದೆ. ಕೆಳಗಿಂದ ಮೇಲೆ ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ. ನಮ್ಮ ಅಶ್ವಿನಿ ಇರಲಿಲ್ಲ. ಗಜೇಂದ್ರಗಡದ ರಸ್ತೆಯಲ್ಲಿ ಬೆಳಗಿನ ಮಬ್ಬಿನಲ್ಲಿ ಮುಂದೆ ಮುಂದೆ ಹೋಗುವ ಅವಳ ಬೆನ್ನು ಕಣ್ಣಿಗೆ ಬಂತು. ಅವಳಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತ ಕೂತೆ, ಎಷ್ಟು ಹೊತ್ತೋ ಏನೋ, ಎದುರಿನ ಗಾಡಿಯಲ್ಲಿ ಎಣ್ಣೆ ಕಾಯುವ ವಾಸನೆ ಬಂದಾಗ ಐದಾಗಿದೆ ಅಂತ ಗೊತ್ತಾಯಿತು. ಪಟ್ಟಿಯೇ ಬಂದ ಮೇಲೆ ಹರಕೆ ಯಾವುದು? ಎದ್ದು ಹೋದೆ. ನಾಲ್ಕು ಮಿರ್ಚಿ ತಿಂದೆ. ದುಃಖದಲ್ಲಿ ರುಚಿ ತಿಳಿಯುವುದಿಲ್ಲ ಅನ್ನುವವರು ನಮ್ಮೂರಿನ ಮಿರ್ಚಿ ತಿಂದಿಲ್ಲ. ಕಣ್ಣಲ್ಲಿ ನೀರು ಬಂತು, ಅದು ಮಗಳಿಗೋ ಮೆಣಸಿನಕಾಯಿಗೋ ನನಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸುಬೇದಾರರು ಬಂದರು. ಮೊಬೈಲು ಅವರ ಕೈಗೆ ಕೊಟ್ಟೆ. ಅವರು ದೂರ ಹಿಡಿದು ನೋಡಿದರು.

"ಇದು ಹ್ವಾದ ವರ್ಷದ್ದೈತಲ್ರೀ. ಮ್ಯಾಲ ತಾರೀಖ ನೋಡ್ರಿ."

ದಿನಕ್ಕೆ ಐವತ್ತು ಜನರ ಕಾಗದದಲ್ಲಿ ತಾರೀಖು ಸರಿಯಿಲ್ಲ ಅಂತ ತಿರುಗಿ ಕಳಿಸುವವನು ನಾನು. ಮಗಳ ಹೆಸರು ಹುಡುಕುವ ಭರದಲ್ಲಿ ತಾರೀಖು ನೋಡಿರಲಿಲ್ಲ. ಮೊದಲು ಖುಷಿಯಾಯಿತು, ಗಾಡಿಯವನನ್ನೇ ತಬ್ಬಿಕೊಳ್ಳುವಷ್ಟು. ಆಮೇಲೆ ಕೈಯಲ್ಲಿದ್ದ ಎಣ್ಣೆಯ ಕಾಗದ ಕಂಡಿತು. ಪಟ್ಟಿ ಬಂದಿಲ್ಲ. ಅಂದರೆ ಹರಕೆ ಇನ್ನೂ ಚಾಲ್ತಿಯಲ್ಲಿದೆ. ಅಂದರೆ ನಾಲ್ಕು ಮಿರ್ಚಿಯ ಅಪರಾಧಿ ನಾನು. ಇನ್ನು ಹುಡುಗಿಗೆ ಸಿಗದಿದ್ದರೆ ಅದಕ್ಕೆ ಕಾರಣ ಲಿಖಿತ ಪರೀಕ್ಷೆಯಲ್ಲ, ಸಂದರ್ಶನವಲ್ಲ, ಅವಳ ಅಪ್ಪನ ನಾಲಗೆ. ಕೈಯನ್ನು ಸೋಪಿನಿಂದ ಮೂರು ಸಲ ತೊಳೆದು ಅಂಗಡಿಯೊಳಗೆ ಬಂದೆ. ಪರಿಹಾರಕ್ಕೆ ನಾನೂ ಒಂದು ಬೇಡಿಕೊಳ್ಳಬೇಕು, ಅದೂ ನನಗೆ ಬಹಳ ಬೇಕಾದದ್ದನ್ನೇ ಬಿಡಬೇಕು. ನಡಿಗೆ ಅವ್ವ ತೆಗೆದುಕೊಂಡಿದ್ದಳು, ಕೂದಲು ಅಕ್ಕ, ಮಿರ್ಚಿ ಹೆಂಡತಿ. ನನ್ನದು ಅಂತ ಏನುಳಿದಿದೆ ಅಂತ ಹುಡುಕಿದರೆ ಒಂದೇ ಸಿಕ್ಕಿತು. ಕಣ್ಣು ಮುಚ್ಚಿ ಹೇಳಿದೆ: ಹುಡುಗಿಯನ್ನು ಪಾರುಮಾಡು, ನಾನು ಚಿಂತೆ ಮಾಡುವುದನ್ನು ಬಿಟ್ಟುಬಿಡುತ್ತೇನೆ. ಯಾವ ದೇವರಿಗೆ ಅಂತ ಹೆಸರು ಹೇಳುವಷ್ಟು ಸಮಾಧಾನ ಇರಲಿಲ್ಲ. ರೂಢಿಯ ಮೇಲೆ 'ಸಂಬಂಧಪಟ್ಟವರಿಗೆ' ಅಂದುಬಿಟ್ಟೆ.

ಹನ್ನೊಂದು ದಿನದ ಮೇಲೆ, ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದಾಗ ಅಶ್ವಿನಿ ಬಂದಳು. ಅಪ್ಪಾ, ಪಟ್ಟಿ ಬಂದೈತಿ, ನಾನೂ ಅದೀನಿ ಅಂದಳು, ಹಾಲು ತಂದಿದ್ದೇನೆ ಅನ್ನುವ ದನಿಯಲ್ಲಿ. ನಾನು ಮೊದಲು ತಾರೀಖು ನೋಡಿದೆ. ಆಮೇಲೆ ಹೆಸರು, ಆಮೇಲೆ ನೋಂದಣಿ ಸಂಖ್ಯೆ, ಮತ್ತೆ ತಾರೀಖು. ಆಮೇಲೆ ಏನು ಮಾಡಿದೆನೋ ಪೂರ್ತಿ ನೆನಪಿಲ್ಲ. ಆ ಪುಟವನ್ನು ನಲವತ್ತು ಪ್ರತಿ ಝೆರಾಕ್ಸ್ ಮಾಡಿ ನಿಂತವರಿಗೆಲ್ಲ ಹಂಚಿದೆನಂತೆ. ಜಾತಿ ಪ್ರಮಾಣಪತ್ರಕ್ಕೆ ಬಂದಿದ್ದವನೊಬ್ಬ ಅದನ್ನೇ ತೆಗೆದುಕೊಂಡು ತಹಶೀಲ್ದಾರ ಕಚೇರಿಗೆ ಹೋಗಿ, ಅಲ್ಲಿಂದ ಬೈಸಿಕೊಂಡು ಬಂದ. ಮನೆಗೆ ಓಡಿ ಹೇಳಿದರೆ, ಮಹಾದೇವಿ ಸೆರಗು ಬಾಯಿಗೆ ಹಿಡಿದು ಅತ್ತಳು, ಅವ್ವ ಮೊಮ್ಮಗಳ ದೃಷ್ಟಿ ತೆಗೆದಳು, ತೆಗೆದ ಕೈಯಿಂದಲೇ ನನ್ನ ಕಾಲಿನ ಕಡೆ ತೋರಿಸಿ, ಯಾವಾಗ ಹೊರಡುತ್ತಿ ಅಂತ ಕೇಳಿದಳು.

ಹಾಗಾಗಿ ಹೊರಟೆ. ಸೂರ್ಯ ಹುಟ್ಟುವ ಮೊದಲೇ, ಎರೆಹೊಲಗಳ ನಡುವಿನ ರಸ್ತೆ ಹಿಡಿದು ನಾನು ಮುಂದೆ, ಹಿಂದೆ ಟಂಟಂ ರಿಕ್ಷಾದಲ್ಲಿ ಅವ್ವ ಮತ್ತು ಮಹಾದೇವಿ. ನಾನು ಗಿಡದ ನೆರಳಲ್ಲಿ ನಿಂತರೆ ಟಂಟಂ ಹಾರ್ನು ಹೊಡೆಯುತ್ತಿತ್ತು. ಅಶ್ವಿನಿ ನನ್ನ ಜೊತೆಗೇ ನಡೆದಳು, ಅವಳೂ ಚಪ್ಪಲಿ ಬಿಟ್ಟಿದ್ದಳು. ಎರಡು ಊರು ದಾಟುವ ಹೊತ್ತಿಗೆ ನನ್ನ ಅಂಗಾಲಿನ ಜೊತೆ ಮನಸ್ಸೂ ಮೆತ್ತಗಾಗಿ, ಮಿರ್ಚಿಯ ಕಥೆ ಹೇಳಿಬಿಟ್ಟೆ. ಅವಳು ನಡೆಯುತ್ತಲೇ, ಅವತ್ತೇ ಗೊತ್ತಿತ್ತು, ನೀ ಸೋಪು ಕೈಗೆ ಹಚ್ಚಿದ್ದೆ, ಮೀಸೆಗೆ ಹಚ್ಚಿರಲಿಲ್ಲ ಅಂದಳು. ನಿಮ್ಮವ್ವನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ದರೆ ನಿನ್ನ ಹೆಸರಲ್ಲಿ ಇನ್ನೊಂದು ಹರಕೆ ಬೀಳುತ್ತಿತ್ತು ಅಂದಳು. ಆಮೇಲೆ, ನೀ ಏನು ಬೇಡಿಕೊಂಡಿದ್ದೆ ಅಂತ ಕೇಳಿದಳು. ಚಿಂತೆ ಬಿಡುತ್ತೇನೆ ಅಂತ ಬೇಡಿಕೊಂಡದ್ದನ್ನು ಹೇಳಿದೆ. ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿಂದೆ ಟಂಟಂ ಎರಡು ಸಲ ಹಾರ್ನು ಹೊಡೆಯಿತು. ನಗು ನಿಂತ ಮೇಲೆ ನನ್ನ ಕಾಲಿನ ಬೊಬ್ಬೆ ನೋಡುತ್ತ, ಮೆಲ್ಲಗೆ ಹೇಳಿದಳು:

"ಅದೊಂದ ತೀರಸಬ್ಯಾಡಪಾ. ನಾ ಹೊಂಟಿರೋ ಕೆಲಸಕ್ಕ ಮನ್ಯಾಗ ಒಬ್ಬರಾದ್ರೂ ಚಿಂತಿ ಮಾಡೋರು ಬೇಕು."

ನಾನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಈ ಸಲ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಲೂ ಆಗುತ್ತಿರಲಿಲ್ಲ.

ಇಟಗಿಯಲ್ಲಿ ಬಿದ್ದೆದ್ದು ಗುಡಿ ಸುತ್ತಿದೆ, ಮುಂದಿನ ವಾರ ನರಗುಂದದ ಗುಡ್ಡ ಹತ್ತಿ ತಲೆ ಕೊಟ್ಟುಬಂದೆ. ಕ್ಷೌರದವನ ಕೆಲಸ ಎರಡು ನಿಮಿಷದಲ್ಲಿ ಮುಗಿದದ್ದು ಕಂಡು ಶಾಂತಕ್ಕನಿಗೇ ನಾಚಿಕೆಯಾಯಿತು. ಅಶ್ವಿನಿಯನ್ನು ಗದಗಿನ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದು ಹದಿನೈದು ದಿನವಾಯಿತು. ವಾರಕ್ಕೊಂದು ಸಲ ಫೋನು ಬರುತ್ತದೆ, ಮೂರು ನಿಮಿಷ. ಊಟ ಚಲೋ ಐತಿ, ಬೂಟು ಕಚ್ಚುತ್ತವೆ, ಆರಾಮ ಅದೀನಿ ಅನ್ನುತ್ತಾಳೆ. ಉಳಿದ ಆರು ದಿನ ನಾನು ಆ ಬೂಟಿನ ಬಗ್ಗೆ ಯೋಚಿಸುತ್ತೇನೆ. ಕಾಲಕಾಲೇಶ್ವರನ ಲೆಕ್ಕವನ್ನು ಮಹಾದೇವಿಗೆ ಗೊತ್ತಾಗದ ಹಾಗೆ ಒಂದು ತೆಂಗಿನಕಾಯಿಯಲ್ಲಿ ಸರಿಮಾಡಿಕೊಂಡಿದ್ದೇನೆ. ಉಳಿದದ್ದು ನನ್ನದೊಂದೇ ಹರಕೆ. ತೀರಿಸಲು ಆಗುತ್ತಿಲ್ಲ, ಕಾಲಾವಕಾಶ ಕೊಡಿ ಅಂತ ಕೇಳಿಕೊಳ್ಳೋಣವೆಂದರೆ ಅವತ್ತು ಯಾವ ದೇವರ ಹೆಸರನ್ನೂ ಹೇಳಿರಲಿಲ್ಲ. ಅರ್ಜಿ ಹೋಗಿದೆ, ಮಂಜೂರೂ ಆಗಿದೆ, ಆದರೆ ಯಾರ ಮೇಜಿನ ಮೇಲೆ ಆಯಿತು ಅಂತ ತಿಳಿಯುತ್ತಿಲ್ಲ. ಮೊನ್ನೆಯಿಂದ ಅದೇ ಒಂದು ಚಿಂತೆ.